ನಾಲ್ಕು ಅಂಗೈಯಗಲದ ನೆಲ

ಬೆಂಗಳೂರಿನಿಂದ ಹೊಸಕೋಟೆಯ ಕಡೆಗೆ ಹೊರಟವರಿಗೆ ಹಳೆಯ ಮದರಾಸು ರಸ್ತೆಯಲ್ಲಿ ಬೂದಿಗೆರೆ ಕ್ರಾಸ್ ಎಂಬ ತಿರುವು ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಿದರೆ ಮಂಡೂರಿನ ಮೇಲೆ ಹಾದು ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯನ್ನು ಸೇರುವ ಹಾದಿ. ಒಂದು ಕಾಲಕ್ಕೆ ಈ ಸೀಮೆಯ ರಸ್ತೆಗಳು ಕಂಡ ಭಾರವೆಂದರೆ ರಾಗಿಯ ಮೂಟೆ, ದ್ರಾಕ್ಷಿಯ ಬುಟ್ಟಿ, ದೇವನಹಳ್ಳಿಯ ಚಕ್ಕೋತದ ಹೇರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಚಿತ್ರ ಬದಲಾಯಿತು. ವೈಟ್‌ಫೀಲ್ಡ್, ಕೃಷ್ಣರಾಜಪುರಗಳ ಕಡೆಯಿಂದ ವಿಮಾನಕ್ಕೆ ಧಾವಿಸುವವರಿಗೆ ಬೂದಿಗೆರೆಯ ಹಾದಿ ಒಳದಾರಿಯಾಯಿತು. ನಸುಕಿನಲ್ಲಿ ಟ್ಯಾಕ್ಸಿಗಳು, ಹಗಲಿನಲ್ಲಿ ಜಲ್ಲಿ ಹೊತ್ತ ಲಾರಿಗಳು, ಭಾನುವಾರ ಮದುವೆಗೋ ಜಾತ್ರೆಗೋ ಹೊರಟ ಕುಟುಂಬಗಳು, ಇವರ ನಡುವೆ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರುಸೈಕಲ್ಲು, ಶಾಲೆಗೆ ನಡೆದುಹೋಗುವ ಮಕ್ಕಳು.

ಈ ಹಾದಿಯಲ್ಲಿ ಓಡುವ ಕಾರುಗಳನ್ನು ಅವುಗಳ ಒಡೆಯರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಆಯುಧಪೂಜೆಯ ದಿನ ತೊಳೆದು ಕುಂಕುಮವಿಟ್ಟು ಮಾಲೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಮುಂದಕ್ಕೆ ಹಾಯಿಸುತ್ತಾರೆ. ಆ ನಿಂಬೆಹಣ್ಣನ್ನು ಇಡಲು ಬಾಗಿದಾಗಲಾದರೂ ಟೈರನ್ನು ಕಣ್ಣಿಟ್ಟು ನೋಡುವವರು ಎಷ್ಟು ಮಂದಿ? ಕಾರಿನ ಬಣ್ಣ, ಎಂಜಿನ್ನು, ಹಾಡುವ ಪೆಟ್ಟಿಗೆ, ಎಲ್ಲವೂ ಮಾತಿಗೆ ವಿಷಯವಾಗುತ್ತವೆ. ಟೈರು ಮಾತಿಗೆ ಬರುವುದು ಅದು ಕೈಕೊಟ್ಟ ದಿನ ಮಾತ್ರ. ಈ ಅಲಕ್ಷ್ಯದ ಮೂಲದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಟೈರು ಎಂದರೆ ರಬ್ಬರಿನ ಬಳೆ, ಗಟ್ಟಿಯಾದ ರಬ್ಬರು ಕಾರನ್ನು ಹೊತ್ತಿರುತ್ತದೆ ಎಂದು ನಾವು ಬಗೆದಿದ್ದೇವೆ. ವಾಸ್ತವದಲ್ಲಿ ಕಾರನ್ನು ಹೊತ್ತಿರುವುದು ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಟ್ಟ ಚೀಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಟೈರಿನ ಆಯ್ಕೆ, ಆರೈಕೆ ಎರಡರ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ನಮ್ಮ ಎತ್ತಿನ ಬಂಡಿಯನ್ನು ನೆನೆಯೋಣ. ಅದರ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕೂರಿಸುವುದು ಒಂದು ಕಲೆಯಾಗಿತ್ತು. ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಪಟ್ಟೆಯನ್ನು ಕಮ್ಮಾರನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಸುರಿದು ಕುಗ್ಗಿಸುತ್ತಿದ್ದನು. ಪಟ್ಟೆ ಮರವನ್ನು ಅಪ್ಪಿ ಹಿಡಿಯುತ್ತಿತ್ತು. ಬಂಡಿಯ ಕಡೆಗೀಲನ್ನು ಉಪಮೆಯಾಗಿಸಿಕೊಂಡ ವಚನಗಳೇ ನಮ್ಮಲ್ಲಿ ಉಂಟು. ಚಿಕ್ಕದೊಂದು ಕೀಲಿನ ಮೇಲೆ ದೊಡ್ಡ ಬಂಡಿ ನಿಂತಿದೆ ಎಂಬ ಅರಿವು ನಮ್ಮ ಜನಕ್ಕೆ ಹೊಸದಲ್ಲ. ಆದರೆ ಕಬ್ಬಿಣದ ಪಟ್ಟೆಗೆ ಒಂದು ಕೊರತೆಯಿತ್ತು. ದಾರಿಯ ಪ್ರತಿಯೊಂದು ಕಲ್ಲಿನ ಪೆಟ್ಟೂ ಅಚ್ಚಿಗೆ, ಅಚ್ಚಿನಿಂದ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ಮುಟ್ಟುತ್ತಿತ್ತು. ರಬ್ಬರಿನ ಗಾಲಿಯ ‘ಟೈರುಗಾಡಿ’ಗಳು ಬಂದಾಗ ರೈತರು ಅದನ್ನು ಮೆಚ್ಚಿದ್ದು ಇದಕ್ಕಾಗಿಯೇ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದರು. ಅವರ ಕಾಳಜಿಯ ಕೇಂದ್ರದಲ್ಲಿ ಇದ್ದದ್ದು ಮೂಕ ಪ್ರಾಣಿಯ ನೋವು.

ಗಾಳಿಯನ್ನು ಚಕ್ರಕ್ಕೆ ತೊಡಿಸುವ ಕಲ್ಪನೆಗೆ 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಹಕ್ಕುಪತ್ರ ಪಡೆದಿದ್ದನು. ಜಗತ್ತು ಅದಕ್ಕಿನ್ನೂ ಸಿದ್ಧವಾಗಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ತ್ರಿಚಕ್ರ ಸೈಕಲ್ಲಿಗಾಗಿ ಇದೇ ಉಪಾಯವನ್ನು ಮತ್ತೆ ಕಂಡುಕೊಂಡನು. ಸೈಕಲ್ಲಿನ ಹಿಂದೆಯೇ ಮೋಟಾರು ಬಂದಿತು. ಮಗುವಿನ ಮೈಕುಲುಕನ್ನು ತಗ್ಗಿಸಲು ಹುಟ್ಟಿದ ಗಾಳಿಯ ಚಕ್ರ ಇಂದು ಜಗತ್ತನ್ನೇ ಹೊತ್ತು ತಿರುಗುತ್ತಿದೆ.

ಗಾಳಿ ಭಾರವನ್ನು ಹೊರುವುದೆಂತು? ಇದಕ್ಕೆ ಒಂದು ಸರಳವಾದ ಲೆಕ್ಕವುಂಟು. ನಾಲ್ವರು ಕುಳಿತ ಸಾಧಾರಣ ಕಾರು ಸುಮಾರು 1,300 ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಒಂದೊಂದು ಚಕ್ರದ ಪಾಲಿಗೆ 325 ಕಿಲೋ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗನು ‘33’ ಎಂದು ಹೇಳುವುದು ಚದರ ಅಂಗುಲಕ್ಕೆ 33 ಪೌಂಡು ಎಂಬ ಒತ್ತಡವನ್ನು. ನಮ್ಮ ಅಳತೆಗೆ ತಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. 325ನ್ನು 2.3ರಿಂದ ಭಾಗಿಸಿದರೆ ಬರುವುದು ಸುಮಾರು 141 ಚದರ ಸೆಂಟಿಮೀಟರು, ಎಂದರೆ ಬೆರಳುಗಳೂ ಸೇರಿದಂತೆ ಒಂದು ಅಂಗೈಯಷ್ಟು ನೆಲ. ಇದು ಅಂದಾಜಿನ ಲೆಕ್ಕವಾದರೂ ಸತ್ಯಕ್ಕೆ ದೂರವಾದುದಲ್ಲ. ಅಷ್ಟು ದೊಡ್ಡ ಕಾರು, ಅದರೊಳಗಿನ ಅಪ್ಪ ಅಮ್ಮ ಮಕ್ಕಳು, ಅದರ ವೇಗ, ಅದರ ತಿರುವು, ಅದರ ಬ್ರೇಕು, ಎಲ್ಲವೂ ನೆಲವನ್ನು ಹಿಡಿದಿರುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ. ಬ್ರೇಕು ಚಕ್ರವನ್ನು ಮಾತ್ರ ನಿಲ್ಲಿಸಬಲ್ಲದು. ಕಾರನ್ನು ನಿಲ್ಲಿಸುವ ಕೆಲಸ ಆ ನಾಲ್ಕು ಅಂಗೈಗಳದು.

ಇನ್ನು ಗಾಳಿಯ ಚೀಲದ ಮಾತು. ಅದರ ಮೂಲದ್ರವ್ಯ ಮರದ ಹಾಲು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆ ಹೋದವರು ರಬ್ಬರ್ ತೋಟಗಳನ್ನು ಕಂಡಿರುತ್ತಾರೆ. 1964ರ ಭಾರತ–ಸಿಲೋನ್ ಒಪ್ಪಂದದ ತರುವಾಯ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಹಲವಕ್ಕೆ ಬದುಕು ದೊರೆತದ್ದು ಈ ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ. ಬೆಳಗಿನ ಜಾವ ತೊಗಟೆಯನ್ನು ಓರೆಯಾಗಿ ಕೊಯ್ದು, ಚಿಪ್ಪಿನಲ್ಲಿ ತೊಟ್ಟಿಕ್ಕುವ ಹಾಲನ್ನು ಶೇಖರಿಸಿ, ಹೆಪ್ಪುಗಟ್ಟಿಸಿ ಹಾಳೆ ಮಾಡುತ್ತಾರೆ. ಈ ಹಸಿ ರಬ್ಬರು ಬಿಸಿಲಿಗೆ ಅಂಟುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದನ್ನು ಗಂಧಕದೊಡನೆ ಕಾಯಿಸಿದರೆ ಎರಡು ದೋಷಗಳೂ ನೀಗುತ್ತವೆಂದು ಕಂಡುಕೊಂಡನು. ರಬ್ಬರಿನ ಎಳೆಗಳ ನಡುವೆ ಗಂಧಕವು ಸೇತುವೆ ಕಟ್ಟುತ್ತದೆ. ಆಮೇಲೆ ಆ ರಬ್ಬರನ್ನು ಬೆಣ್ಣೆಯಂತೆ ಕರಗಿಸಿ ಮತ್ತೆ ಎರಕ ಹೊಯ್ಯುವುದು ಸಾಧ್ಯವಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಇದರ ಫಲವನ್ನು ನೋಡಬೇಕಾಗುತ್ತದೆ.

ಮೊದಮೊದಲ ಟೈರುಗಳು ಕಪ್ಪಾಗಿರಲಿಲ್ಲ. ರಬ್ಬರಿನ ಸಹಜ ಬಣ್ಣ ಬಿಳುಪು. ಅದನ್ನು ಕಪ್ಪಾಗಿಸಿದ್ದು ಮಸಿ. ನಯವಾದ ಮಸಿಯನ್ನು ಬೆರೆಸಿದರೆ ರಬ್ಬರು ಸವೆಯುವುದು ಬಹಳ ಕಡಮೆಯಾಗುತ್ತದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿಳಿದುಬಂದಿತು. ದೀಪದ ಕುಡಿಯಿಂದ ಕಾಡಿಗೆ ಹಿಡಿದು ಕಣ್ಣಿಗೆ ತಂಪೆರೆದ ನಮ್ಮ ಅಜ್ಜಿಯರಿಗೆ ಈ ಮಸಿಯ ಇನ್ನೊಂದು ಗುಣವನ್ನು ಹೇಳಿದ್ದರೆ ಸೋಜಿಗಪಡುತ್ತಿದ್ದರು. ರಬ್ಬರಿನೊಳಗೆ ನೂಲಿನ ಪದರಗಳೂ ಉಕ್ಕಿನ ತಂತಿಯ ಪದರಗಳೂ ಇರುತ್ತವೆ. ಈ ನೂಲುಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹಾಯಿಸಿ, ಮೇಲೆ ಉಕ್ಕಿನ ಪಟ್ಟಿ ಸುತ್ತುವ ‘ರೇಡಿಯಲ್’ ಪದ್ಧತಿಗೆ ಫ್ರಾನ್ಸಿನ ಮಿಷೆಲಿನ್ ಸಂಸ್ಥೆ 1946ರಲ್ಲಿ ಹಕ್ಕುಪತ್ರ ಪಡೆಯಿತು. ಇಂದಿನ ಕಾರುಗಳ ಟೈರುಗಳೆಲ್ಲ ಬಹುಮಟ್ಟಿಗೆ ಇದೇ ಬಗೆಯವು. ಕನ್ನಡನಾಡೂ ಈ ಉದ್ಯಮಕ್ಕೆ ಹೊರಗಲ್ಲ. ಮೈಸೂರಿನ ವಿಕ್ರಾಂತ್ ಟೈರಿನ ಹೆಸರು ಒಂದು ತಲೆಮಾರಿಗೆ ಮನೆಮಾತಾಗಿತ್ತು. 1997ರಲ್ಲಿ ಆ ಕಾರ್ಖಾನೆ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿತು.

ಈಗ ಆಯ್ಕೆಗೆ ಬರೋಣ. ಟೈರಿನ ಪಕ್ಕೆ ಒಂದು ಶಾಸನಕಲ್ಲಿನಂತೆ. ಓದಬಲ್ಲವರಿಗೆ ಅದರ ಕುಲಗೋತ್ರವೆಲ್ಲ ಅಲ್ಲಿಯೇ ಕೆತ್ತಿದೆ. ‘185/65 ಆರ್ 15 88 ಎಚ್’ ಎಂದು ಬರೆದಿದೆ ಎನ್ನಿ. 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಆ ಅಗಲಕ್ಕೆ ಪಕ್ಕೆಯ ಎತ್ತರ ನೂರಕ್ಕೆ ಎಷ್ಟು ಎಂಬುದು. ಎಂದರೆ ಸುಮಾರು 120 ಮಿಲಿಮೀಟರು. ‘ಆರ್’ ಎಂದರೆ ರೇಡಿಯಲ್. 15 ಎಂಬುದು ಒಳಗಿನ ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. 88 ಎಂಬುದು ಭಾರದ ಸಂಕೇತ. ಪಟ್ಟಿಯಲ್ಲಿ ನೋಡಿದರೆ ಆ ಸಂಖ್ಯೆಗೆ 560 ಕಿಲೋ ಎಂದಿರುತ್ತದೆ. ‘ಎಚ್’ ಎಂಬುದು ವೇಗದ ಸಂಕೇತ, ಗಂಟೆಗೆ 210 ಕಿಲೋಮೀಟರು. ಅದು ಟೈರಿನ ತಾಳಿಕೆಯ ಮಿತಿ. ನಮ್ಮ ರಸ್ತೆಗಳ ಮೇಲೆ ಅಷ್ಟು ವೇಗದಲ್ಲಿ ಓಡಿಸಲು ಕೊಟ್ಟ ಅಪ್ಪಣೆಯೆಂದು ಯಾರೂ ಭಾವಿಸಬಾರದು.

ಹೊಸ ಟೈರನ್ನು ಕೊಳ್ಳುವಾಗ ಕಾರಿನ ತಯಾರಕರು ಸೂಚಿಸಿದ ಅಳತೆಯನ್ನೇ ಕೇಳುವುದು ವಿವೇಕ. ಕಾರು ಠೀವಿಯಿಂದ ಕಾಣಲೆಂದು ಹೆಚ್ಚು ಅಗಲದ, ತಗ್ಗಾದ ಪಕ್ಕೆಯ ಟೈರನ್ನು ಹಾಕಿಸುವ ಹವ್ಯಾಸ ಯುವಕರಲ್ಲಿ ಹೆಚ್ಚಾಗಿದೆ. ಪಕ್ಕೆ ತಗ್ಗಿದಷ್ಟೂ ಗಾಳಿಯ ಮೆತ್ತೆ ತೆಳ್ಳಗಾಗುತ್ತದೆ. ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಟೈರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗುತ್ತದೆ. ಒಳಗಿನ ನೂಲು ಹರಿದು ಪಕ್ಕೆಯಲ್ಲಿ ಬಾವು ಏಳುತ್ತದೆ. ಜಲ್ಲಿ ಲಾರಿಗಳು ಓಡಾಡಿ ಅಂಚು ಕಿತ್ತುಹೋದ ಹಳ್ಳಿಯ ಹಾದಿಗಳಿಗೆ ತುಸು ಎತ್ತರದ ಪಕ್ಕೆಯೇ ಒಳ್ಳೆಯ ಒಡನಾಡಿ. ಟೈರಿನ ಹೊರ ಅಡ್ಡಳತೆ ಬದಲಾದರೆ ವೇಗಮಾಪಕವೂ ತಪ್ಪು ಲೆಕ್ಕ ತೋರಿಸತೊಡಗುತ್ತದೆ. ಭಾರದ ಸಂಕೇತ, ವೇಗದ ಸಂಕೇತಗಳು ಮೂಲ ಟೈರಿನದಕ್ಕಿಂತ ಎಂದಿಗೂ ಕಡಮೆಯಿರಬಾರದು. ಬ್ಯಾಟರಿಯಿಂದ ಓಡುವ ಕಾರುಗಳು ತಮ್ಮ ಗಾತ್ರಕ್ಕೆ ಮೀರಿದ ತೂಕದವು. ಅವುಗಳಿಗೆ ಈ ಎಚ್ಚರ ಇನ್ನಷ್ಟು ಅಗತ್ಯ.

ಪಕ್ಕೆಯ ಮೇಲೆಯೇ ಇನ್ನೊಂದು ಕಡೆ ನಾಲ್ಕು ಅಂಕಿಗಳ ಚಿಕ್ಕ ಚೌಕಟ್ಟು ಕಾಣಿಸುತ್ತದೆ. ‘2324’ ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರ ಹುಟ್ಟಿದ ಟೈರು. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತ ಟೈರನ್ನು ‘ಹೊಸದು’ ಎಂದು ಕೊಳ್ಳುವ ಮುನ್ನ ಈ ಜಾತಕವನ್ನು ನೋಡಬೇಕು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಬಿಸಿಲು, ಗಾಳಿಯೊಳಗಿನ ಆಮ್ಲಜನಕ, ಓಜೋನ್ ಇವು ಅದನ್ನು ಒಣಗಿಸಿ ಬಿರುಕು ಮೂಡಿಸುತ್ತವೆ. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷ ಕಳೆದುದನ್ನು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ತೆಗೆದುಹಾಕಬೇಕು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಸಲಹೆ. 2009ರ ಗುಣಮಟ್ಟ ನಿಯಂತ್ರಣ ಆದೇಶದಿಂದಾಗಿ ನಮ್ಮ ದೇಶದಲ್ಲಿ ಟೈರುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು; ಕಾರಿನ ಟೈರಿನ ಮೇಲೆ ಆ ಗುರುತಿನೊಡನೆ ಐ.ಎಸ್. 15633 ಎಂಬ ಸಂಖ್ಯೆ ಇರುತ್ತದೆ. ಉರುಳುವಾಗಿನ ಎಳೆತ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ಮಿತಿಗಳನ್ನು ಹಾಕುವ ನಿಯಮವನ್ನು 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿತು.

ರಸ್ತೆಬದಿಯಲ್ಲಿ ಮಾರಾಟಕ್ಕಿಟ್ಟ ಹಳೆಯ ಟೈರುಗಳ ವಿಷಯವನ್ನೂ ಹೇಳಲೇಬೇಕು. ಸಾಲದ ಕಂತು ತುಂಬಿಸುತ್ತ ಟ್ಯಾಕ್ಸಿ ಓಡಿಸುವವನಿಗೆ ನಾಲ್ಕು ಹೊಸ ಟೈರುಗಳ ಬೆಲೆ ಸಣ್ಣದಲ್ಲ. ಅವನ ಇಕ್ಕಟ್ಟನ್ನು ಅರಿಯದೆ ಉಪದೇಶ ಮಾಡುವುದು ಸುಲಭ. ಆದರೂ ಬೋಳಾದ ಟೈರಿಗೆ ಬಿಸಿ ಅಲಗಿನಿಂದ ಹೊಸ ಗೀರು ಕೊರೆದು, ಕಪ್ಪು ಬಣ್ಣ ಬಳಿದು ಮಿರುಗಿಸಿದ ಸರಕು ಅಂಥವನ ಪಾಲಿಗೆ ಉಳಿತಾಯವಾಗದು. ಗೀರು ಕೊರೆದಾಗ ಉಕ್ಕಿನ ಪಟ್ಟಿಯ ಮೇಲಿನ ರಬ್ಬರಿನ ಹೊದಿಕೆ ಇನ್ನಷ್ಟು ತೆಳುವಾಗುತ್ತದೆ, ನೀರು ಒಳನುಗ್ಗಿ ತಂತಿ ತುಕ್ಕು ಹಿಡಿಯುತ್ತದೆ. ಒಮ್ಮೆಗೇ ನಾಲ್ಕನ್ನೂ ಕೊಳ್ಳಲಾಗದಿದ್ದರೆ ಎರಡೆರಡಾಗಿ ಹೊಸದನ್ನೇ ಕೊಳ್ಳುವುದು ಮೇಲು.

ಹಾಗೆ ಎರಡೇ ಹೊಸ ಟೈರು ಬಂದಾಗ ಅವನ್ನು ಮುಂದೆ ಹಾಕಬೇಕೆ, ಹಿಂದೆ ಹಾಕಬೇಕೆ? ತಿರುಗಿಸುವ ಚಕ್ರ ಮುಂದಿನದು, ಆದ್ದರಿಂದ ಹೊಸದು ಮುಂದಕ್ಕೆ ಎಂದು ಬಹುಮಂದಿ ತೀರ್ಮಾನಿಸುತ್ತಾರೆ. ತಯಾರಕರ ಸಲಹೆ ಇದಕ್ಕೆ ವಿರುದ್ಧವಾದುದು. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸರಿಯುತ್ತದೆ. ವೇಗ ತಗ್ಗಿಸಿ ಅದನ್ನು ಹತೋಟಿಗೆ ತರಬಹುದು. ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ನುರಿತ ಕೈಗೂ ಅದು ಸಿಕ್ಕುವುದು ಕಷ್ಟ. ಆದಕಾರಣ ಹೆಚ್ಚು ಹಿಡಿತದ ಟೈರುಗಳು ಹಿಂದಿರಬೇಕು.

ಆಯ್ಕೆ ಒಂದು ದಿನದ ಕೆಲಸ, ಆರೈಕೆ ಟೈರಿನ ಆಯುಷ್ಯದುದ್ದಕ್ಕೂ ನಡೆಯಬೇಕಾದುದು. ಅದರಲ್ಲಿ ಮೊದಲ ಸ್ಥಾನ ಗಾಳಿಗೆ. ಬಂಕಿನ ಹುಡುಗನು ‘ಎಷ್ಟು ಹಾಕಲಿ ಸಾರ್?’ ಎಂದು ಕೇಳಿದಾಗ ‘ನೀನೇ ನೋಡಿ ಹಾಕಪ್ಪ’ ಎನ್ನುವವರೇ ಹೆಚ್ಚು. ಉತ್ತರ ನಮ್ಮ ಕಾರಿನಲ್ಲಿಯೇ ಇದೆ. ಚಾಲಕನ ಬಾಗಿಲನ್ನು ತೆರೆದರೆ ಚೌಕಟ್ಟಿನ ಮೇಲೆ, ಇಲ್ಲವೆ ಕಾರಿನ ಕೈಪಿಡಿಯಲ್ಲಿ, ಮುಂದಿನ ಹಿಂದಿನ ಚಕ್ರಗಳಿಗೆ ಬೇಕಾದ ಒತ್ತಡವನ್ನು ಬರೆದಿರುತ್ತಾರೆ. ಪೂರ್ತಿ ಭಾರ ಹೇರಿದಾಗಿನ ಒತ್ತಡವನ್ನು ಬೇರೆಯಾಗಿ ಕೊಟ್ಟಿರುವುದೂ ಉಂಟು. ಟೈರಿನ ಪಕ್ಕೆಯ ಮೇಲೆ ಕಾಣುವ ಗರಿಷ್ಠ ಒತ್ತಡದ ಸಂಖ್ಯೆ ಬೇರೆ, ಇದು ಬೇರೆ. ಸರಿಯಾಗಿದ್ದ ಟೈರೂ ತಿಂಗಳಿಗೆ ಸುಮಾರು ಒಂದು ಪೌಂಡಿನಷ್ಟು ಗಾಳಿಯನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ, ತಪ್ಪಿದರೆ ತಿಂಗಳಿಗೊಮ್ಮೆ, ಬೆಳಗಿನ ತಂಪಿನಲ್ಲಿ, ಹೆಚ್ಚು ದೂರ ಓಡಿಸುವ ಮುನ್ನ ಅಳತೆ ನೋಡಬೇಕು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಮರೆಯಬಾರದು. ಆಪತ್ತಿಗೆಂದು ಇಟ್ಟ ಸ್ಟೆಪ್ನಿಯೇ ಗಾಳಿಯಿಲ್ಲದೆ ಕುಗ್ಗಿರುವುದು ದಾರಿಯಲ್ಲಿ ತಿಳಿದರೆ ಏನು ಪ್ರಯೋಜನ?

ತಂಪಿನಲ್ಲಿಯೇ ಏಕೆ? ಬಿಸಿಯಾದಂತೆ ಗಾಳಿಯ ಒತ್ತಡ ಏರುತ್ತದೆ. ಐದಾರು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಒತ್ತಡ ಒಂದು ಪೌಂಡಿನಷ್ಟು ಹೆಚ್ಚುತ್ತದೆ. ಬಿಸಿಲಲ್ಲಿ ಓಡಿಬಂದ ಟೈರು ತೋರುವ ಸಂಖ್ಯೆಯನ್ನು ನಂಬಿ ಗಾಳಿ ಬಿಟ್ಟರೆ, ರಾತ್ರಿ ತಣ್ಣಗಾದಾಗ ಅದು ಕೊರತೆಯಲ್ಲಿರುತ್ತದೆ. ಇಲ್ಲಿಯೇ ಅಪಾಯಕರವಾದ ಒಂದು ನಂಬಿಕೆಯನ್ನು ಎದುರಿಸಬೇಕು. ಬೇಸಿಗೆಯಲ್ಲಿ ಟೈರು ಸಿಡಿಯದಿರಲು ಗಾಳಿಯನ್ನು ಕಡಮೆ ಇಡಬೇಕು ಎಂಬ ಮಾತನ್ನು ಎಲ್ಲೆಡೆಯೂ ಕೇಳುತ್ತೇವೆ. ಕೇಳಲು ತರ್ಕಬದ್ಧವಾಗಿದೆ, ಆದರೆ ನಡೆಯುವುದು ಇದರ ತದ್ವಿರುದ್ಧ.

ಹೇಗೆಂದು ನೋಡಿ. ನಾವು ಉದಾಹರಣೆಗೆ ತೆಗೆದುಕೊಂಡ ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಕಡಮೆ. ಒಂದು ಕಿಲೋಮೀಟರಿಗೆ ಅದು ಸುಮಾರು 510 ಸುತ್ತು ಸುತ್ತುತ್ತದೆ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ, ನಿಮಿಷಕ್ಕೆ ಸುಮಾರು 850 ಸುತ್ತು. ಒಂದೊಂದು ಸುತ್ತಿನಲ್ಲಿಯೂ ಪಕ್ಕೆಯ ಪ್ರತಿ ಭಾಗ ನೆಲದ ಬಳಿ ಬಂದಾಗ ಬಾಗಿ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ತಂತಿಯೊಂದನ್ನು ಬೆರಳುಗಳಲ್ಲಿ ಹಿಡಿದು ಬೇಗಬೇಗ ಬಗ್ಗಿಸಿದರೆ ಅದು ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿ ಕಡಮೆಯಿದ್ದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಬಿಸಿ ಹೆಚ್ಚು. ಕೊನೆಗೆ ರಬ್ಬರಿಗೂ ನೂಲಿಗೂ ಇದ್ದ ಬೆಸುಗೆ ಸಡಿಲವಾಗಿ ಟೈರು ಸೀಳುತ್ತದೆ. ನೋಡುವವರಿಗೆ ಗಾಳಿ ಹೆಚ್ಚಾಗಿ ಸಿಡಿದಂತೆ ತೋರುತ್ತದೆ. ನಿಜವಾಗಿ ಗಾಳಿ ಕಡಮೆಯಾಗಿ ಬೆಂದು ಸಿಡಿದಿರುವುದೇ ಹೆಚ್ಚು. ತಯಾರಕರು ಹೇಳಿದ ಒತ್ತಡವನ್ನು ಗೊತ್ತುಮಾಡುವಾಗ ಓಟದ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ನೇರವಾದ ಹಾದಿಗಳಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವವರಿಗೆ ಈ ಮಾತು ಪ್ರಾಣದ ಮಾತು. ಊರೊಳಗಿನ ಓಡಾಟದಲ್ಲಿ ಕ್ಷಮಿಸುವ ಟೈರು ಹೆದ್ದಾರಿಯಲ್ಲಿ ಕ್ಷಮಿಸದು.

ನೈಟ್ರೋಜನ್ ತುಂಬಿಸಬೇಕೆ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ತುಂಬಿಸಿದರೆ ಸೋರಿಕೆ ತುಸು ತಗ್ಗಬಹುದು. ಆದರೆ ಅದು ಅಳತೆ ನೋಡುವ ಅಭ್ಯಾಸಕ್ಕೆ ಬದಲಿಯಾಗಲಾರದು. ಇನ್ನೊಂದು ಕುತೂಹಲದ ಸಂಗತಿ: ಬೂದಿಗೆರೆಯ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿ ತುಂಬಿಸಿ ಘಟ್ಟವಿಳಿದು ಮಂಗಳೂರಿಗೆ ಹೋದರೆ, ಹೊರಗಿನ ವಾಯುಭಾರ ಅಲ್ಲಿ ಹೆಚ್ಚಿರುವುದರಿಂದ, ಉಷ್ಣತೆ ಒಂದೇ ಎಂದಿಟ್ಟುಕೊಂಡಾಗ ಮಾಪಕ ಒಂದೂವರೆ ಪೌಂಡಿನಷ್ಟು ಕಡಮೆ ತೋರಿಸುತ್ತದೆ.

ಟೈರು ತನ್ನ ಕಷ್ಟವನ್ನು ಸವೆತದಲ್ಲಿ ಬರೆದು ತೋರಿಸುತ್ತದೆ. ಎರಡು ಅಂಚುಗಳೂ ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಮೆಯಿತ್ತು. ನಡುಭಾಗ ಸವೆದಿದ್ದರೆ ಗಾಳಿ ಅತಿಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರದ ನಿಲುವು ಓರೆಯಾಗಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಗುಂಡಿಗೆ ಜೋರಾಗಿ ಬಿದ್ದ ಮೇಲೆ, ಸ್ಟಿಯರಿಂಗ್ ಒಂದು ಪಕ್ಕಕ್ಕೆ ಎಳೆದಾಗ ಇದು ಅಗತ್ಯ. ವೇಗ ಹೆಚ್ಚಿದಂತೆ ಸ್ಟಿಯರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ತಪ್ಪಿದೆ. ಮುಂದಿನ ಟೈರುಗಳು ಹಿಂದಿನವಕ್ಕಿಂತ ಬೇಗ ಸವೆಯುವುದರಿಂದ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಅವುಗಳ ಸ್ಥಾನ ಬದಲಿಸಿದರೆ ನಾಲ್ಕೂ ಸಮನಾಗಿ ದುಡಿಯುತ್ತವೆ. ಪಂಕ್ಚರಿನ ವಿಷಯದಲ್ಲಿ ಒಂದು ಗೆರೆಯನ್ನು ದಾಟಬಾರದು: ನೆಲಕ್ಕೆ ತಾಗುವ ನಡುಭಾಗದ ಸಣ್ಣ ತೂತನ್ನು ಸರಿಪಡಿಸಬಹುದು, ಪಕ್ಕೆಯ ತೂತನ್ನೂ ಬಾವನ್ನೂ ಸರಿಪಡಿಸಲಾಗದು. ಹೊರಗಿನಿಂದ ದಾರದಂಥ ಬತ್ತಿ ತುರುಕುವುದು ಮನೆ ಸೇರಲು ಸಾಕು. ಚಕ್ರ ಬಿಚ್ಚಿ ಒಳಗಿನಿಂದ ತೇಪೆ ಹಾಕಿಸುವುದೇ ಸರಿಯಾದ ಚಿಕಿತ್ಸೆ.

ಇನ್ನು ಮಳೆಯ ಮಾತು. ನಮ್ಮ ಕಡೆಯವರು ‘ಬಟನ್’ ಎಂದು ಕರೆಯುವ ಟ್ರೆಡ್ಡಿನ ಕಾಲುವೆಗಳು ಅಲಂಕಾರಕ್ಕಿರುವುದಲ್ಲ. ಒಣ ನೆಲದ ಮೇಲೆ ಅವುಗಳ ಅಗತ್ಯ ಅಷ್ಟಿಲ್ಲ. ಒದ್ದೆ ನೆಲದ ಮೇಲೆ ಅಂಗೈಯಗಲದ ಜಾಗದಿಂದ ನೀರನ್ನು ಹೊರದಬ್ಬುವ ತೂಬುಗಳು ಅವು. ಕೆರೆಗೆ ತೂಬಿಲ್ಲದಿದ್ದರೆ ಏನಾಗುವುದೆಂದು ಕೆರೆಗಳ ನಾಡಿನವರಿಗೆ ಹೇಳಬೇಕಾಗಿಲ್ಲ. ತೂಬು ಸವೆದಾಗ ನೀರು ಹೊರಹೋಗಲು ದಾರಿಯಿಲ್ಲದೆ ಟೈರನ್ನೇ ಎತ್ತಿಹಿಡಿಯುತ್ತದೆ. ಚಕ್ರ ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕು ಕೆಲಸಕ್ಕೆ ಬಾರದು. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ಒದ್ದೆ ಓಡುದಾರಿಯಲ್ಲಿ ವಿಮಾನಗಳು ಜಾರುವುದನ್ನು ಅಭ್ಯಸಿಸಿ, ಹೀಗೆ ತೇಲತೊಡಗುವ ವೇಗವು ಟೈರಿನ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆಂದು ತೋರಿಸಿತು. ಆ ಸೂತ್ರದಂತೆ ನೀರು ನಿಂತ ರಸ್ತೆಯಲ್ಲಿ 33 ಪೌಂಡಿನ ಬೋಳು ಟೈರು ಗಂಟೆಗೆ ಸುಮಾರು 95 ಕಿಲೋಮೀಟರಿಗೆ ತೇಲಿದರೆ, 22 ಪೌಂಡಿಗೆ ಇಳಿದ ಟೈರು ಸುಮಾರು 78 ಕಿಲೋಮೀಟರಿಗೇ ತೇಲುತ್ತದೆ. ವಿಮಾನಕ್ಕೆ ಹೊರಟ ಕಾರಿಗೂ ವಿಮಾನಕ್ಕೂ ಈ ವಿಷಯದಲ್ಲಿ ಪಾಠ ಒಂದೇ.

ಹೊಸ ಟೈರಿನ ಕಾಲುವೆ ಏಳೆಂಟು ಮಿಲಿಮೀಟರು ಆಳವಿರುತ್ತದೆ. ಕಾರಿನ ಟೈರಿಗೆ ನಮ್ಮ ಮೋಟಾರು ವಾಹನ ನಿಯಮಗಳು ವಿಧಿಸಿದ ಕನಿಷ್ಠ ಆಳ 1.6 ಮಿಲಿಮೀಟರು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಣ್ಣೆಗಳನ್ನು ಎರಕದಲ್ಲಿಯೇ ಮೂಡಿಸಿರುತ್ತಾರೆ. ಸವೆದ ಟ್ರೆಡ್ಡು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಕಾಲ ಮುಗಿಯಿತು. ಕನಿಷ್ಠ ಎಂಬುದು ಕಾನೂನಿನ ಮಾತು. ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಆಳವು ಮೂರು ಮಿಲಿಮೀಟರಿನ ಸಮೀಪಕ್ಕೆ ಬಂದಿದ್ದರೆ ಬದಲಾಯಿಸುವುದು ವಿವೇಕದ ಮಾತು.

ಬದಲಾಯಿಸಿದ ಹಳೆಯ ಟೈರು ಎಲ್ಲಿಗೆ ಹೋಗಬೇಕು? ಗಂಧಕದ ಸೇತುವೆಯ ಮಾತನ್ನು ಈಗ ನೆನಪಿಸಿಕೊಳ್ಳಿ. ಅದನ್ನು ಕರಗಿಸಿ ಹೊಸ ಟೈರು ಎರೆಯಲಾಗದು, ಮಣ್ಣಿನಲ್ಲಿ ಹೂತರೆ ಕೊಳೆಯದು, ಸುಟ್ಟರೆ ವಿಷದ ಹೊಗೆ. ಹಿತ್ತಿಲಲ್ಲಿ ಎಸೆದರೆ ಅದರ ಹೊಟ್ಟೆಯೊಳಗೆ ಮಳೆನೀರು ನಿಂತು ಡೆಂಗೆ ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಲಾರಿ, ಬಸ್ಸುಗಳ ಟೈರಿಗೆ ಹೊಸ ಟ್ರೆಡ್ಡು ಕೂರಿಸಿ ಇನ್ನೊಂದು ಜನ್ಮ ಕೊಡುವ ಪದ್ಧತಿಯುಂಟು. ಉಳಿದವನ್ನು ಪುಡಿಮಾಡಿ ರಸ್ತೆಯ ಡಾಂಬರಿನಲ್ಲಿ ಬೆರೆಸುವುದೂ ಇದೆ. ಟೈರು ಹೀಗೆ ತಾನು ಓಡಿದ ರಸ್ತೆಯನ್ನೇ ಸೇರಿಕೊಳ್ಳುವುದು ಒಂದು ಸದ್ಗತಿಯೇ ಸರಿ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2022ರಲ್ಲಿ ಬಂದಿದೆ. ನಾವು ಮಾಡಬೇಕಾದುದು ಇಷ್ಟೆ: ಹಳೆಯದನ್ನು ಟೈರಿನಂಗಡಿಗೇ ಒಪ್ಪಿಸುವುದು, ಮನೆಯ ಸುತ್ತ ಬೀಳಲು ಬಿಡದಿರುವುದು.

ಇಷ್ಟನ್ನೂ ಕೂಡಿಸಿ ನೋಡಿದರೆ ಟೈರಿನ ಆರೈಕೆಗೆ ಬೇಕಾಗುವುದು ತಿಂಗಳಿಗೆ ಹತ್ತು ನಿಮಿಷ. ಒಂದು ಚಿಕ್ಕ ಮಾಪಕ, ಬೆಳಗಿನ ಬೆಳಕು, ಬಗ್ಗಿ ನೋಡುವ ತಾಳ್ಮೆ. ಇದಕ್ಕೆ ಪ್ರತಿಯಾಗಿ ದೊರೆಯುವುದರಲ್ಲಿ ಇಂಧನದ ಉಳಿತಾಯವೂ ಸೇರಿದೆ, ಟೈರಿನ ದೀರ್ಘಾಯುಷ್ಯವೂ ಸೇರಿದೆ. ಆದರೆ ಲೆಕ್ಕಕ್ಕೆ ಸಿಗದ ಇನ್ನೊಂದು ಫಲವಿದೆ. ಕಾರಿನೊಳಗಿರುವವರಿಗೆ ಪಟ್ಟಿಯುಂಟು, ಗಾಳಿಚೀಲವುಂಟು, ಉಕ್ಕಿನ ಕವಚವುಂಟು. ಬೂದಿಗೆರೆಯ ಹಾದಿಯಂಚಿನಲ್ಲಿ ಪುಸ್ತಕದ ಚೀಲ ಹೊತ್ತು ನಡೆಯುವ ಹುಡುಗಿಗೆ ಇವಾವುವೂ ಇಲ್ಲ. ಎದುರಿನಿಂದ ಬರುವ ಅಪರಿಚಿತನ ಕಾರು ಬೇಕಾದಾಗ ಬೇಕಾದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆಯೊಂದೇ ಅವಳ ಕವಚ. ಆ ನಂಬಿಕೆಯನ್ನು ಉಳಿಸಿಕೊಡುವುದು ನಾಲ್ಕು ಅಂಗೈಯಗಲದ ನೆಲ, ಅದರ ಮೇಲಿನ ಹಿಡಿಯಷ್ಟು ಗಾಳಿ.